ವಿಷ್ಣುತೀರ್ಥರ ಪ್ರಶ್ನೆ

ಮೇ 4, ಸೋಮವಾರ
ಅಡ್ಯಾರ್‌ನಿಂದ ಮಣಲಿಯ ರಿಫೈನರಿಗೆ ಕಂಪನಿ ಬಸ್. ಅರ್ಧ ನಿದ್ದೆ. ಬಂದ ತಕ್ಷಣ ಪೋರ್ಟಲ್ ತೆರೆದೆ — ಎಂದಿನಂತೆ ಖಾಲಿ. ರಿಫೈನರಿಯವರೆಲ್ಲ ತಮಗೆ ಗೊತ್ತಿರುವುದನ್ನು ಇಲ್ಲಿ ಹಂಚಿಕೊಳ್ಳಲಿ ಎಂದು ವರ್ಷವಿಡೀ ಒದ್ದಾಡಿ ಕಟ್ಟಿದ್ದು. ಈ ತಿಂಗಳೂ ಯಾರೂ ಬರೆಯದಿದ್ದರೆ ಮುಚ್ಚಿಬಿಡಿ ಎಂದಿದ್ದಾರೆ ಜಿಎಂ ವೆಂಕಟೇಶ. ಆಮೇಲೆ ನನಗೆ ಸ್ಟೋರ್ಸ್‌ಗೆ ವರ್ಗ.

ಪಂಪುಗಳ ಮುಖ್ಯ ತಜ್ಞ ವಿಷ್ಣುತೀರ್ಥ ಸರ್ ಹತ್ತಿರ ಹೋಗಿ ಮತ್ತೆ ಗೋಗರೆದೆ.

"ಏನಮ್ಮಾ ಹರಿಪ್ರಿಯಾ, ಡೌಟ್ ಇದ್ದವರು ನನ್ನ ರೂಮಿಗೇ ಬರ್ತಾರೆ. ಅದೇ ಪೋದುಂ, ಸಾಕು. ನಿನ್ನ ಪೋರ್ಟಲ್ ಯಾಕೆ?"

ಮಹಾ ಗರ್ವ! ಏನು ಮಾಡುವುದು, ಆಸಾಮಿಗೆ ಗೊತ್ತಿಲ್ಲದ ಪಂಪೇ ಇಲ್ಲ.

ಮೇ 13
ಕಾಸ್ಟಿಕ್ ಸೋಡಾ ಪಂಪಿನ ಸೀಲ್ ಮತ್ತೆ ಸೋರಿತು. ಬದಲಾಯಿಸಿದಷ್ಟೂ ಹೋಗುತ್ತಿದೆ. ಸರ್ ಕ್ಯಾಂಟೀನ್‌ನಲ್ಲಿ ಮೊಸರನ್ನ ಹಾಗೇ ಬಿಟ್ಟು ಎದ್ದರು. ಪಾಪ ಅನ್ನಿಸಿತು...

ಮೇ 14, ಬೆಳಿಗ್ಗೆ
ಪೋರ್ಟಲ್‌ನಲ್ಲಿ ಒಂದು ಪ್ರಶ್ನೆ! ಹೆಸರು ನೋಡಿದೆ. ವಿಷ್ಣುತೀರ್ಥ. ಇಂಗ್ಲಿಷಿನಲ್ಲಿ ಎರಡೇ ಸಾಲು — ಈ ಸೀಲ್ ಯಾಕೆ ಹೋಗುತ್ತಿದೆಯೋ ನನಗೆ ತಿಳಿಯದು, ತಿಳಿದವರು ದಯವಿಟ್ಟು ಹೇಳಿ.

ಕಣ್ಣುಜ್ಜಿಕೊಂಡು ಮತ್ತೆ ಓದಿದೆ.

ಅದೇ ದಿನ, ಸಂಜೆ
ಅಬ್ಬಬ್ಬಾ! ಅವರೇ ತಿಳಿಯದು ಎಂದ ಮೇಲೆ ಉಳಿದವರಿಗೆ ಇನ್ನೇನು ಸಂಕೋಚ, ಎಲ್ಲರೂ ಬಾಯಿಬಿಟ್ಟರು. ಲ್ಯಾಬಿನ ಅನಸೂಯ ಬರೆದಳು — ಕಿತ್ತ ಸೀಲ್ ಮೇಲೆ ಬಿಳಿ ಹರಳು ಕಂಡಿತ್ತು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀರು ಸರಬರಾಜಿನ ವಿಘ್ನೇಶ್ — ಬೇಸಿಗೆಯಲ್ಲವೇ, ನೀರಿಗೆ ತತ್ವಾರ, ಮಧ್ಯಾಹ್ನ ಆ ಪಂಪಿಗೆ ಹೋಗುವ ನೀರಿನ ಲೈನ್ ಬಂದ್ ಮಾಡುತ್ತೇವೆ.

ಸರ್ ನನ್ನ ರೂಮಿಗೇ ಓಡಿ ಬಂದರು.

"ಅಯ್ಯೋ, ಸೀಲ್ ತೊಳೆಯೋ ನೀರೇ ಅದು! ನೀರಿಲ್ದೆ ಕಾಸ್ಟಿಕ್ ಹರಳುಗಟ್ಟಿ ಸೀಲನ್ನ ಕೊಯ್ತಿದೆ. ಗೊತ್ತಿದ್ದ ಇಬ್ಬರೂ ಇದೇ ಕಾಂಪೌಂಡಲ್ಲೇ ಇದ್ದಾರಲ್ಲಮ್ಮಾ!"

ಮಗುವಿನ ಹಾಗೆ ನಗುತ್ತಿದ್ದರು. ಎಲ್ಲೆಲ್ಲೋ ಬಿಡಿಬಿಡಿಯಾಗಿ ಇದ್ದದ್ದು ಕಣ್ಣೆದುರೇ ಕೂಡಿಕೊಂಡಿತಲ್ಲ! ಇದಕ್ಕೇ ಅಲ್ಲವೇ ನಾನು ಒದ್ದಾಡಿದ್ದು. ಅತ್ತುಬಿಟ್ಟೆ.

ಮೇ 29, ಮಧ್ಯಾಹ್ನ
ಈಗ ಮಧ್ಯಾಹ್ನವೂ ಆ ಲೈನಿಗೆ ನೀರು ಬಿಡುತ್ತಾರೆ, ಪಂಪ್ ಮತ್ತೆ ಸೋರಿಲ್ಲ. ಪೋರ್ಟಲ್‌ನಲ್ಲಿ ದಿನವೂ ಒಂದೆರಡು ಪ್ರಶ್ನೆ. ಇಷ್ಟು ಸಾಕೋ ಸಾಲದೋ ಎಂದು ಕೂತಿದ್ದೆ — ಬಾಗಿಲಲ್ಲಿ ಜಿಎಂ! ಮುಚ್ಚುವ ಆರ್ಡರ್ ತಂದರೇನೋ ಎಂದು ಎದ್ದು ನಿಂತೆ. ಅವರು ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ತಮಿಳಿನಲ್ಲಿ ಕೇಳಿದರು — ಇದರಲ್ಲಿ ಪ್ರಶ್ನೆ ಹಾಕುವುದು ಹೇಗಮ್ಮಾ?

ಕುರ್ಚಿ ಬಿಟ್ಟುಕೊಟ್ಟೆ. ಮೂಲೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಒಂದೊಂದೇ ಅಕ್ಷರ ಒತ್ತುತ್ತಿದ್ದಾರೆ. ಹೆಸರು ಹಾಕಲೇಬೇಕಾ ಎಂದರು. ಹಾಕಿ ಸರ್ ಎಂದೆ. ಹಾಕಿದರು! ಕಳಿಸಿಯೂ ಬಿಟ್ಟರು. ಅಯ್ಯೋ, ಆಗಲೇ ಯಾರೋ ಉತ್ತರ—