ಸಾರಿನ ಪುಡಿಯ ಬ್ಲಾಗು ಮತ್ತು ನಿನ್ನ ಮೇಲೊಂದು ಗುಮಾನಿ

ಮೆಣಸಿನಕಾಯಿ ಘಾಟಿಗೂ ಸೀನದ ನನ್ನ ಅಪ್ಪನಿಗೆ,

ಹೆಂಗಸರು ಡಬ್ಬಿ ತಂದಾಗ ನೀನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಗಿರಣಿಗೆ ಸುರಿಯುತ್ತಿದ್ದೆ, ನೆನಪಿದೆಯಾ? ಯಾರ ಸಾರಿನ ಪುಡಿಗೆ ಎಷ್ಟು ಕೊತ್ತಂಬರಿ, ಎಷ್ಟು ಮೆಂತ್ಯ ಎಂದು ನೋಡುವುದು ನಿನ್ನ ಪ್ರಕಾರ ಪರರ ಪತ್ರ ಒಡೆದು ಓದಿದಷ್ಟೇ ಪಾಪ. "ಅಳತೆ ಅವರದು, ಬೀಸೋದಷ್ಟೇ ನಮ್ಮದು" ಎನ್ನುತ್ತಿದ್ದೆ. ಜನ್ನಾಪುರ ನಂಬಿದ್ದು ಆ ತಿರುಗಿದ ಕುತ್ತಿಗೆಯನ್ನೇ. ಈಗ ಅದರ ಮೇಲೇ ನನಗೊಂದು ಗುಮಾನಿ ಬಂದಿದೆ. ಬೇಜಾರು ಮಾಡಿಕೊಳ್ಳಬೇಡ, ಪೂರ್ತಿ ಓದು.

ನಾನು ಕಾಲೇಜಿಗೆ ಸೇರಿದ ದಿನ, ಓದಿದ್ದು ಗಿರಣಿಗೂ ಸ್ವಲ್ಪ ಉಪಯೋಗಕ್ಕೆ ಬರಲಿ ಅಂದಿದ್ದೆಯಲ್ಲ? ನೀನು ಹೋದಮೇಲೆ ಪ್ಯಾಕೆಟ್ ಪುಡಿಗಳ ಹಾವಳಿ ಹೆಚ್ಚಿ ಗಿರಣಿ ಅರ್ಧ ದಿನ ಸುಮ್ಮನಿರತೊಡಗಿತು. ನೀನು ಬೀಸಿ ಬದುಕಿದೆ, ನಾನು ಕುಟ್ಟಿ ನೋಡೋಣ ಎಂದು ಕಂಪ್ಯೂಟರ್ ಮುಂದೆ ಕೂತು ಗಿರಣಿಗೊಂದು ಬ್ಲಾಗ್ ತೆರೆದೆ. ಬೀಸುಕಲ್ಲಿನ ಮೇಲೆ ಬರೆದ ಮೊದಲ ಲೇಖನವನ್ನು ಓದಿದವಳು ನಾನೊಬ್ಬಳೇ, ಎರಡು ಸಲ. ಎರಡನೆಯದು ನಮ್ಮ ಮನೆಯ ಸಾರಿನ ಪುಡಿ. ಅಮ್ಮನ ಕೈಬರಹದ ಚೀಟಿ ನೋಡಿಯೇ ಬರೆದದ್ದು. ಮೆಂತ್ಯ ಹುರಿಯುವಾಗ ನಾಲ್ಕು ಕಾಳು ಅಕ್ಕಿ ಹಾಕಬೇಕು, ಅಕ್ಕಿ ಹೊಂಬಣ್ಣಕ್ಕೆ ಬಂತೋ, ಮೆಂತ್ಯ ಸೀಯುವ ಮೊದಲೇ ಬಾಣಲೆ ಇಳಿಸಬೇಕು ಎಂದು ಚೀಟಿಯಲ್ಲಿದ್ದದ್ದನ್ನೂ ಸೇರಿಸಿದೆ. ಜಾಣತನ ಹೆಚ್ಚಾಗಿ 'ಜನ್ನಾಪುರದ ಒಂದು ಮನೆಯ ಗುಟ್ಟು' ಎಂದು ತಲೆಬರಹ ಕೊಟ್ಟೆ. ಯಾವ ಮನೆ ಎಂದು ಹೇಳಲಿಲ್ಲ. ಅದೇ ತಪ್ಪಾಯಿತು.

ಹಿಂದಿನ ಬೀದಿಯ ಗಿರಿಜಕ್ಕ ಬಂದರೆ ನೀನು ಸ್ಟೂಲು ಒರೆಸಿ ಕೂರಿಸುತ್ತಿದ್ದೆ. ಮೂವತ್ತು ವರ್ಷದ ಗಿರಾಕಿ. ಆ ಬರಹದ ಸುದ್ದಿ ಕೇಳಿ ಬಂದ ದಿನ ಕೂರಲೇ ಇಲ್ಲ.

"ಏನೇ ಮಾರಾಯ್ತಿ, ನನ್ನ ಪುಡೀನ ಊರಿಗೆಲ್ಲಾ ಹಂಚ್ತಿದೀಯಂತೆ?"

"ಅದು ನಮ್ಮನೇದು, ಗಿರಿಜಕ್ಕ."

"ಅಕ್ಕಿಕಾಳಿನ ವಿಷ್ಯ ನಂಗೂ ನಿಮ್ಮಪ್ಪಂಗೂ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಅವ್ರು ಬಾಯಿಬಿಡೋರಲ್ಲ. ಅಂದ್ಮೇಲೆ ಕದ್ದೋಳು ಯಾರು?"

ತಂದ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋದರು. ಆಮೇಲೆ ಬಂದವರು ಡಬ್ಬಿಗೆ ಎರಡೆರಡು ಬಟ್ಟೆ ಕಟ್ಟಿಕೊಂಡು ಬಂದರು. ನಾನು ಗೋಡೆ ನೋಡಿದರೆ, ಗೋಡೆಯಲ್ಲಿ ಕನ್ನಡಿ ಇದೆಯೇನೋ ಎಂದು ಅವರೂ ಗೋಡೆ ನೋಡುತ್ತಿದ್ದರು! ಕೆಲವರಂತೂ ಬಸ್ ಹತ್ತಿ ಶಿವಮೊಗ್ಗಕ್ಕೇ ಹೋಗಿ ಬೀಸಿಸಿಕೊಂಡು ಬರತೊಡಗಿದರು. ಗಿರಣಿ ಉಳಿಸಲು ಪೋಸ್ಟ್ ಹಾಕಿದವಳು ಗಿರಣಿಯ ಪೋಸ್ಟ್‌ಮಾರ್ಟಂಗೆ ಕೂತಿದ್ದೆ.

ನಾಗರತ್ನಮ್ಮ ನೆನಪಿದ್ದಾರಾ? ಮಗಳ ಜೊತೆಗಿರಲು ಶಿವಮೊಗ್ಗ ಸೇರಿದ ಮೇಲೂ ಪುಡಿಗೆ ಮಾತ್ರ ನಿನ್ನಲ್ಲಿಗೇ ಬರುತ್ತಿದ್ದವರು. ಮೊನ್ನೆ ಬಸ್ಸಿಳಿದವರೇ ಫೋನನ್ನು ನನ್ನ ಮೂಗಿಗೆ ಹಿಡಿದರು.

"ನಂದೇ ಪುಡಿ ಕಣೇ ಇದು! ಅಕ್ಕಿಕಾಳೂ ಬಿಟ್ಟಿಲ್ಲ."

"ಅದನ್ನ ನಿಮಗೆ ಯಾರು ಹೇಳಿದ್ದು?"

"ನಿಮ್ಮಪ್ಪನೇ. 'ನಿಮಗೊಬ್ಬರಿಗೇ ಹೇಳ್ತಿದೀನಿ, ಮೆಂತ್ಯ ಸೀದ ವಾಸನೆ ಬರ್ತಿದೆ, ಹಿಂಗೆ ಮಾಡಿ' ಅಂದ್ರು. ಪಾಪ, ಎಷ್ಟು ಸಂಕೋಚ ಪಟ್ಕೊಂಡ್ರು ಗೊತ್ತಾ!"

ಅಪ್ಪಾ! ಕಣ್ಣು ಗೋಡೆಗೆ, ಮೂಗು ಡಬ್ಬಿಗೆ! 'ನಿಮಗೊಬ್ಬರಿಗೇ' ಎಂದು ಎಷ್ಟು ಜನರಿಗೆ ಹೇಳಿದ್ದೀಯ? ಮತ್ತೆ ಅಮ್ಮನ ಚೀಟಿಯಲ್ಲಿದ್ದದ್ದು ನಿಜವಾಗಿ ಅಮ್ಮನದೇನಾ, ಅಥವಾ ಅದೂ ಯಾರದೋ ಡಬ್ಬಿಯಿಂದ... ಬೇಡ, ನನಗೆ ತಿಳಿಯುವುದೇ ಬೇಡ.

ಜಗಳವಾದರೆ ನೀನು ಚಪ್ಪಲಿ ಮೆಟ್ಟಿ ಆಗಲೇ ಅವರ ಮನೆಗೆ ನಡೆದುಬಿಡುತ್ತಿದ್ದೆ. ನಾನೂ ಗಿರಿಜಕ್ಕನ ಮನೆಗೆ ನಡೆದೆ. ನೀನು ನಾಗರತ್ನಮ್ಮನಿಗೂ ಹೇಳಿದ್ದೆ ಎಂಬ ಒಂದು ಮಾತು ಸಾಕಿತ್ತು, ನಾನು ನಿರ್ದೋಷಿ.

"ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾಡ್ತಿದ್ರಾ?" ಎಂದರು.

ಆ ಒಂದು ಮಾತನ್ನು ಬಿಟ್ಟುಬಿಟ್ಟೆ. "ಇಲ್ಲ ಗಿರಿಜಕ್ಕ. ಅಪ್ಪ ನಿಮಗೊಬ್ಬರಿಗೇ ಹೇಳ್ತಿದ್ದಾಗ ಕದ್ದು ಕೇಳಿಸ್ಕೊಂಡಿದ್ದೆ. ತಪ್ಪಾಯ್ತು" ಅಂದೆ. ಅವರ ಮುಂದೆಯೇ ಬ್ಲಾಗಿನಿಂದ ಆ ಬರಹ ಅಳಿಸಿದೆ. ಅವರ ಮುಖ ನೋಡಬೇಕಿತ್ತು ನೀನು.

"ನೋಡಿದ್ಯಾ, ನಂಗೊಬ್ಬಳಿಗೇ ಹೇಳಿದ್ರು ಅಂತ ನೀನೇ ಒಪ್ಕೊಂಡೆ" ಎಂದು ಕಾಫಿ ಕೊಟ್ಟರು.

ಮರುದಿನವೇ ಅವರ ಕೊತ್ತಂಬರಿ ಬಂತು. ಹಿಂದೆಯೇ ಉಳಿದವರ ಡಬ್ಬಿಗಳೂ ಬರುತ್ತಿವೆ. ನಾಗರತ್ನಮ್ಮನಿಗೂ ಇದೇ ತಪ್ಪೊಪ್ಪಿಗೆ ಬೇರೆಯಾಗಿ ಸಲ್ಲಿಸಿದ್ದೇನೆ. ಸದ್ಯಕ್ಕೆ ಜನ್ನಾಪುರದಲ್ಲಿ ಕಳ್ಳಿ ನಾನು, ಸಾಚಾ ನೀನು. ಹಾಗೇ ಇರು, ಅಪ್ಪಾ. ಯಾರಿಗೂ ಹೇಳುವುದಿಲ್ಲ.

ನಿನ್ನ ಮಗಳು