ಒಡೆಯದ ಕಾಯಿ

ಸಿಂಧನೂರು

ಪಂಪಕ್ಕಾ,

ನಾವಿಬ್ಬರು ಕದ್ದು ನೋಡಿದ ಆ ಕಾಲೇಜು ಹುಡುಗಿಯರ ನಗೆಚಿತ್ರವನ್ನು ಈಗ ಹಾಡು ತುಂಬಿ ಹೊಸದಾಗಿ ತೆಗೆದಿದ್ದಾರೆ. ಸಾಕಾಗಿದೆ ಅಂದರೂ ಮಗಳು ಎಳೆದುಕೊಂಡು ಹೋದಳು. ಹಳೆಯದರಲ್ಲಿ ಚಾಡಿ ಹೇಳಿದವಳು ಗೆಳತಿಗೆ ‘ತಪ್ಪಾಯ್ತು’ ಅಂದು ಸುಮ್ಮನಾಗುತ್ತಾಳೆ. ಹೊಸದರಲ್ಲಿ ಅದನ್ನೇ ಐದು ನಿಮಿಷ ಹಾಡುತ್ತಾಳೆ. ಕೂರಲಾಗದೆ ಎದ್ದು ಹೊರಗೆ ಬಂದೆ.

ಅವತ್ತು ಗುಡಿಗೆಂದು ಸುಳ್ಳು ಹೇಳಿ ಹೋಗಿ, ಕಾಯಿಯನ್ನು ಒಡೆಸದೆ ಹಾಗೇ ಮನೆಗೆ ತಂದು ಸಿಕ್ಕಿಬಿದ್ದೆವಲ್ಲ. ಸಿನಿಮಾಕ್ಕೆ ಹಟ ಮಾಡಿದವಳು ನಾನು. ‘ಅಕ್ಕಾನೇ ನನ್ನ ಕರಕೊಂಡು ಹೋಗಿದ್ಲು’ ಅಂದವಳೂ ನಾನೇ. ಅಪ್ಪ ನಿನ್ನ ಕಾಲೇಜು ಬಿಡಿಸಿದರು. ನಾನು ಓದಿ ಟೀಚರಾದೆ.

ನಿಮ್ಮ ಗುರುಗುಂಟಾದಿಂದ ಬಸ್ಸಿನ ತೊಂದರೆಯೆಂದು ನಿನ್ನ ಮಗಳು ರಾಜಶ್ರೀಯ ಓದು ನಿಲ್ಲಿಸುತ್ತೀರಂತೆ. ಬೇಡ, ನಮ್ಮ ಮನೆಗೆ ಕಳಿಸು. ಇಲ್ಲಿಂದಲೇ ಕಾಲೇಜಿಗೆ ಹೋಗಲಿ.

ಅವಳ ಕೈಯಲ್ಲಿ ಒಂದು ಕಾಯಿ ಕೊಡು. ಈ ಸಲ ಒಡೆಸಿಯೇ ಮನೆಗೆ ತರುತ್ತೇನೆ.

ನಿನ್ನ ತಂಗಿ,
ನೀಲಮ್ಮ