ಅರಿಶಿನದ ದಾರ

ಮಾರ್ಚ್ 12, ಸಂಜೆ

ಸಿದ್ದರಬೆಟ್ಟ ಹತ್ತಿ ಇಳಿದು ಬಂದೆ. ಮಂಡಿ ಮಾತು ಕೇಳುತ್ತಿಲ್ಲ. ಈಶ್ವರಿ ಬಳ್ಳಿಗೆ ಅರಿಶಿನದ ದಾರ ಕಟ್ಟಿದೆ — ನಾಳೆ ಬರುತ್ತೇನೆ, ಇರು, ನಾಲ್ಕೆಲೆ ಕೊಡು ಅಂತ. ಹೇಳದೆ ಕಿತ್ತರೆ ಔಷಧಿ ಹಿಡಿಯುವುದಿಲ್ಲ. ಎಲೆ ಕಿತ್ತ ಮೇಲೆ ದಾರ ಬಿಚ್ಚಿ ಬರಬೇಕು. ಅತ್ತೆ ಕಲಿಸಿದ್ದು. ಆಗ ಬೆಟ್ಟದ ಬುಡದಲ್ಲೇ ಸಿಗುತ್ತಿತ್ತು. ಈಗ ಗುಹೆ ದಾಟಿ ಹೋಗಬೇಕು. ಬಿಸಿಲಿಗೆ ಹೆದರಿ ಬಳ್ಳಿಯೂ ಬೆಟ್ಟ ಹತ್ತುತ್ತಿದೆ. ನನ್ನ ಮಂಡಿಯ ಯೋಚನೆ ಅದಕ್ಕೆಲ್ಲಿ...

ಮೊಮ್ಮಗಳು ಸಂಘಮಿತ್ರಾ ಫೋನ್ ಮಾಡಿದ್ದಳು, ಲಕ್ಷದ್ವೀಪದಿಂದ. ಆರು ವರ್ಷದಿಂದ ಸಮುದ್ರದಲ್ಲಿ ಮುಳುಗಿ ಹವಳದ ದಿಬ್ಬದ ಮೀನು ಎಣಿಸುತ್ತಾಳೆ. ಜೊತೆಗೆ ಕೂತಿದ್ದ ಪಕ್ಕದ ಮನೆ ವೇದಾವತಿ, "ಮೀನು ಎಣ್ಸಿದ್ದು ಸಾಕು, ಮದ್ವೆ ಯಾವಾಗಮ್ಮ?" ಅಂದಳು. ನಿನ್ನ ಗಂಡನನ್ನು ನೋಡಿದ ಮೇಲೆ ಮೀನೇ ವಾಸಿ ಅಂತವಳೆ ಕಣಮ್ಮ, ಅಂದೆ.

"ಮೀನೆಲ್ಲಾ ಹೊಂಟೋಗ್ತಾ ಐತೆ ಅಜ್ಜಿ. ನೀರು ಬಿಸಿ ಆಗೈತೆ. ತಂಪಿರೋ ಕಡೀಕೆ, ಆಳಕ್ಕೆ ಹೋಗ್ತವೆ."

"ಹೋಗ್ಲಿ ಬುಡು. ಬುದ್ಧಿ ಇರೋ ಮೀನು."

"ಹವಳ ಹೋಗಾಕಾಗಲ್ವಲ್ಲ. ಅದೂ ಪ್ರಾಣೀನೇ ಕಣಜ್ಜಿ. ಬಂಡೆ ಕಚ್ಕಂಡು ಇರ್ತದೆ."

"ಅಂಗಾದ್ರೆ ನೀನೇ ಎತ್ಕಂಡೋಗಿ ತಂಪಿರೋ ತಾವ ಕಟ್ಟು."

ನಕ್ಕಳು. ಆಮೇಲೆ, "ನಮ್ ಸರ್ರೂ ಅದೇ ಅಂತಿದ್ರು. ಉಳೀತವೋ ಇಲ್ವೋ ಅಂತ ನಾನೇ ಬ್ಯಾಡ ಅಂದಿದ್ದೆ," ಅಂದಳು.

ಮಾರ್ಚ್ 29

ಕಟ್ಟಿಯೇ ಬಿಟ್ಟಿದ್ದಾಳೆ. ಆಳದಲ್ಲಿ ಕಬ್ಬಿಣದ ಚೌಕಟ್ಟು, ಅದಕ್ಕೆ ನಲವತ್ತು ತುಂಡು ಹವಳ. ವಿಡಿಯೋ ಕಳಿಸಿದಳು. ಕಂದು, ನೇರಳೆ. ಸಂದಿಯಲ್ಲಿ ಜೀರಿಗೆಯಷ್ಟು ಮರಿಮೀನು. ಮೊದಲ ತುಂಡಿಗೆ, ಹೋದ ಸಲ ಊರಿಗೆ ಬಂದಾಗ ನಾನು ಕೊಟ್ಟು ಕಳಿಸಿದ್ದ ಅರಿಶಿನದ ದಾರ.

"ಬಳ್ಳಿಗೆ ಕಟ್ಟೋ ಅಂಗೇ ಕಟ್ಟಿದೀನಿ ಅಜ್ಜಿ. ಬರ್ತೀನಿ, ಇರು ಅಂತ ಹೇಳಿ."

ಇವು ಬದುಕಿದರೆ ಮೀನಿಗೆ ಮನೆ. ಇಲ್ಲದಿದ್ದರೆ ಅವಳ ದಿಬ್ಬದಲ್ಲಿ ಎಣಿಸಲು ಏನೂ ಉಳಿಯುವುದಿಲ್ಲ. ಆರು ವರ್ಷ ನೀರಿಗೆ ಹಾಕಿದಂತೆ.

"ಇರ್ತವೆ ಕಣೇ. ದಾರ ಕಟ್ಟಿದ್ದು ಎಲ್ಲೂ ಹೋಗಲ್ಲ," ಅಂದೆ. ದೊಡ್ಡ ಬಾಯಿ ನನ್ನದು.

ಏಪ್ರಿಲ್ 30

ಹತ್ತು ದಿನದಿಂದ ಫೋನ್ ಇಲ್ಲ. ಬಿಸಿಲಿಗೆ ಅಂಗಳದಲ್ಲಿ ಕಾಲಿಡುವಂತಿಲ್ಲ. ಅಲ್ಲಿ ಹೆಂಗೋ.

ಮೇ 9

ವಿಡಿಯೋ ಬಂತು. ಮಾತಿಲ್ಲ, ಬರೀ ಚಿತ್ರ. ಚೌಕಟ್ಟು ತುಂಬ ಬೆಳ್ಳಗೆ, ಮಲ್ಲಿಗೆ ಸುರಿದ ಹಾಗೆ. ಕೂಡಲೇ ಫೋನ್ ಮಾಡಿದೆ.

"ಅಯ್ಯೋ ನನ್ ಕಂದಾ, ಹೂ ಬಿಟ್ಟೈತಲ್ಲೇ!"

ವೇದಾವತಿಯನ್ನೂ ಕರೆದು ತೋರಿಸಿದೆ.

"ಹೂವಲ್ಲ ಅಜ್ಜಿ. ಬಿಸೀಗೆ ಮೈಬಣ್ಣ ಬಿಟ್ಕಂಡೈತೆ. ಆಳಕ್ಕೂ ಬಂದ್ಬುಡ್ತು ಬಿಸಿ."

"ಮೀನು?"

"ಈಜೋವು ಹೊಂಟೋದ್ವು."

ಕಟ್ಟಿಸಿಕೊಂಡವು ಉಳಿದವು. ಅವಳು ಅದನ್ನು ಹೇಳಲಿಲ್ಲ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಮೇ 11

ನೀರು ತಣ್ಣಗಾದರೆ ಬಣ್ಣ ತಿರುಗಿ ಬರಬಹುದಂತೆ. ಬರಬಹುದು ಅಂದಳು. ಬರುತ್ತದೆ ಅನ್ನಲಿಲ್ಲ.

ಮೇ 26

ಪಾಚಿ ಹತ್ತಿತಂತೆ. ನಲವತ್ತಕ್ಕೂ. ಅಂದರೆ ಸತ್ತ ಹಾಗೆ. ಮಳೆಗಾಲ ಶುರುವಾದರೆ ಸಮುದ್ರಕ್ಕೆ ಇಳಿಯುವಂತಿಲ್ಲ, ಇವತ್ತೇ ಕೊನೆಯ ಸಲ ನೋಡಿ ಬಂದಳಂತೆ.

"ನಿನ್ ದಾರ ಅಂಗೇ ಐತೆ ಅಜ್ಜಿ. ಗಂಟು ಕೂಡಾ ಸಡ್ಲಾಗಿಲ್ಲ."

ಚುಚ್ಚಿದಳೋ, ಸುಮ್ಮನೆ ಹೇಳಿದಳೋ. ಚುಚ್ಚಿದ್ದರೆ ವಾಸಿ. ಅತ್ತಿದ್ದರೂ ವಾಸಿ. ಅಳಲಿಲ್ಲ. "ಊಟ ಆಯ್ತಾ ಅಜ್ಜಿ?" ಅಂತ ಕೇಳಿ ಇಟ್ಟುಬಿಟ್ಟಳು.

ಮೇ 28, ಮಧ್ಯಾಹ್ನ

ಬೆಳಿಗ್ಗೆ ಬೆಟ್ಟಕ್ಕೆ ಹೋಗಿದ್ದೆ, ನಿನ್ನೆ ದಾರ ಕಟ್ಟಿದ ಬಳ್ಳಿಗೆ. ತುದಿಯಲ್ಲಿ ಉಳಿದಿರುವುದು ಅದೊಂದೇ. ಅದರ ಮೇಲೆ ಬರೀ ಬಂಡೆ, ಬಂಡೆಯ ಮೇಲೆ ಆಕಾಶ. ಇನ್ನು ಹತ್ತಲು ಬೆಟ್ಟವಿಲ್ಲ. ಎಲೆಯೆಲ್ಲ ಸುರುಟಿತ್ತು. ಒಂದನ್ನೂ ಕೀಳಲು ಕೈ ಬರಲಿಲ್ಲ.

ಮನೆಗೆ ಬಂದು ನೀರು ಕುಡಿಯುವಾಗ ನೆನಪಾಯಿತು — ದಾರ ಬಿಚ್ಚಲಿಲ್ಲ. ಬರುತ್ತೇನೆ, ಇರು ಅಂದವಳು ನಾನು. ಇದ್ದುಬಿಡುತ್ತದೆ, ಪಾಪ, ಮಾತು ಕೇಳಿಕೊಂಡು.

ಮಗ ಗಂಗಾಧರಯ್ಯ ಬಾಗಿಲಿಗೆ ಅಡ್ಡ ನಿಂತಿದ್ದಾನೆ. "ಈ ಬಿಸ್ಲಲ್ಲಿ ತಿರ್ಗಾ ಎಲ್ಲಿಗಮ್ಮಾ?"

ಅಡ್ಡ ನಿಲ್ಲಲಿ. ಎಷ್ಟು ಹೊತ್ತು ನಿಂತಾನು. ಅದೊಂದು ಗಂಟಾದರೂ ಬಿಚ್ಚಿ ಬರಬೇಕು.